ಕಾದಂಬರಿಕಾರನ ಏಕಾಗ್ರತೆಯೂ ಹೆಸರಿನ ಹಂಬಲವೂ

ಕಥೆ ಕಾದಂಬರಿಗಳನ್ನು ಬರೆಯಹೊರಟ ತರುಣರ ಬಾಯಲ್ಲಿ ಈಚೆಗೆ ಎರಡು ದೂರುಗಳು ಕೇಳಿಬರುತ್ತವೆ. ಬರೆಯಲು ಕುಳಿತರೆ ಮನಸ್ಸು ನಿಲ್ಲದು ಎಂಬುದೊಂದು. ಬರೆದುದನ್ನು ತಾವೇ ಸಾರಿ ಹೇಳದಿದ್ದರೆ ಕೇಳುವವರಿಲ್ಲವೆಂಬುದು ಇನ್ನೊಂದು. ಇವು ಬೇರೆ ಬೇರೆ ರೋಗಗಳೆಂದು ಬಗೆದು ಬೇರೆ ಬೇರೆ ಮದ್ದು ಹುಡುಕುವುದು ವಾಡಿಕೆಯಾಗಿದೆ. ವಿಚಾರಿಸಿ ನೋಡಿದರೆ, ಸಾರುವ ಕೆಲಸವು ಬರೆಯುವ ಕೆಲಸವನ್ನು ಹಿಂದೆ ಹಾಕಿದಾಗಲೇ ಮನಸ್ಸು ಚದರುವುದು. ಅದರ ಬೆನ್ನಿಗೆ ಬಂದರೆ ಅಷ್ಟು ಕೇಡಿಲ್ಲ.

ಇಂಗ್ಲಿಷ್ ಕಾದಂಬರಿಯ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿಗಳು ದೊರೆಯುತ್ತವೆ. ಆಂತೊನಿ ಟ್ರಾಲೊಪನು ಅಂಚೆಯ ಇಲಾಖೆಯ ನೌಕರ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಶಬ್ದಗಳಂತೆ ಬರೆಯುತ್ತಿದ್ದನು. ಒಂದು ಕಾದಂಬರಿ ಮುಗಿದ ಮರುದಿನವೇ ಇನ್ನೊಂದಕ್ಕೆ ಕೈಹಾಕಿದುದೂ ಉಂಟು. ಅವನು ತೀರಿಕೊಂಡ ಮೇಲೆ, 1883ರಲ್ಲಿ, ಆತ್ಮಚರಿತ್ರೆಯು ಪ್ರಕಟವಾಗಿ ಈ ಗುಟ್ಟು ಹೊರಬಿದ್ದಾಗ, ಸ್ಫೂರ್ತಿಯೆಂದರೆ ಸಿಡಿಲಿನಂತೆ ಎರಗತಕ್ಕದ್ದೆಂದು ನಂಬಿದ್ದ ರಸಿಕರು ಮುಖ ಸಿಂಡರಿಸಿದರು. ಆದರೆ ಈ ಗಡಿಯಾರದ ಮನುಷ್ಯನು ಹೆಸರಿನ ಮಹಿಮೆಯನ್ನು ಅರಿಯದವನಲ್ಲ. ಅದನ್ನು ಪರೀಕ್ಷಿಸಲೆಂದೇ ‘ನೀನಾ ಬಲಾಟ್ಕಾ’ (1867), ‘ಲಿಂಡಾ ಟ್ರೆಸೆಲ್’ (1868) ಎಂಬ ಎರಡು ಕಾದಂಬರಿಗಳನ್ನು ಹೆಸರಿಲ್ಲದೆ ಅಚ್ಚುಹಾಕಿಸಿದನು. ಮಾರಾಟ ಸೋತಿತು. ಒಳ್ಳೆಯ ಪುಸ್ತಕವು ತನ್ನ ಕಾಲಮೇಲೆ ತಾನೇ ನಡೆದು ವಾಚಕನ ಮನೆಗೆ ಹೋಗುವುದೆಂದು ನಂಬುವವರು ಈ ಸಂಗತಿಯನ್ನು ಮರೆಯಬಾರದು. ಅದೇ ಹೊತ್ತಿಗೆ ಹಟನ್ ಎಂಬ ವಿಮರ್ಶಕನೊಬ್ಬನು, ಮರಳಿ ಮರಳಿ ಬರುತ್ತಿದ್ದ ಒಂದು ನುಡಿಗಟ್ಟಿನಿಂದಲೇ ಗ್ರಂಥಕರ್ತನನ್ನು ಗುರುತಿಸಿದನೆಂಬುದೂ ಗಮನಾರ್ಹ.

ಡಿಕನ್ಸನದು ಇದಕ್ಕೆ ತಿರುಗಾದ ದಾರಿ. 1858ರಿಂದ ಅವನು ಹಣಕ್ಕಾಗಿ ಸಭೆಗಳಲ್ಲಿ ತನ್ನ ಕಥೆಗಳನ್ನು ತಾನೇ ಓದತೊಡಗಿದನು. ಜನ ಕಿಕ್ಕಿರಿದರು, ಆ ಚಪ್ಪಾಳೆಯ ರುಚಿ ಅವನನ್ನು ಬಿಡಲಿಲ್ಲ. ಮೈಯಲ್ಲಿ ಶಕ್ತಿಯಿಲ್ಲದಾಗಲೂ ನ್ಯಾನ್ಸಿಯ ಕೊಲೆಯ ಪ್ರಸಂಗವನ್ನು ಅಭಿನಯಿಸಿ ಓದುವನು. 1869ರ ಏಪ್ರಿಲಿನಲ್ಲಿ ವೈದ್ಯರು ಆ ಪ್ರವಾಸವನ್ನು ನಿಲ್ಲಿಸಬೇಕಾಯಿತು. 1865ರಲ್ಲಿ ಒಂದು ಕಾದಂಬರಿ ಮುಗಿದ ಬಳಿಕ ಐದು ವರ್ಷ ಮತ್ತೊಂದು ಹೊರಡಲಿಲ್ಲ. ಹೊರಟ ‘ಎಡ್ವಿನ್ ಡ್ರೂಡ್’ ಹನ್ನೆರಡು ಕಂತುಗಳಲ್ಲಿ ಆರು ಮಾತ್ರ ಸಿದ್ಧವಾಗಿ, 1870ರ ಜೂನಿನಲ್ಲಿ ಅವನೊಡನೆಯೇ ನಿಂತುಹೋಯಿತು. ಪೂರ್ವಾರ್ಜಿತವಾದ ಅಷ್ಟೊಂದು ಕೃತಿಗಳುಳ್ಳವನೇ ತೆತ್ತ ಬೆಲೆ ಇದು.

ಹಾಗಾದರೆ ತನ್ನ ಪುಸ್ತಕವನ್ನು ತಾನು ಮಾರುವುದೇ ಹೀನವೆ? ಹಾಗೆಂದು ಮೂಗು ಮುರಿಯುವ ಕನ್ನಡಿಗರು ಗಳಗನಾಥರನ್ನು ನೆನೆಯಬೇಕು. ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಶಾಲಾಶಿಕ್ಷಕರಾಗಿದ್ದವರು. ಹಾವೇರಿ ಸೀಮೆಯ ತಮ್ಮ ಊರಿನ ಹೆಸರಿನಿಂದಲೇ ಪ್ರಸಿದ್ಧರಾದರು. ಕನ್ನಡ ಕಾದಂಬರಿಯನ್ನು ದುಡ್ಡು ಕೊಟ್ಟು ಕೊಂಡು ಓದುವ ಅಭ್ಯಾಸ ಇನ್ನೂ ಬೇರೂರದ ಕಾಲ. ಉತ್ತರ ಕರ್ನಾಟಕದ ಸುಶಿಕ್ಷಿತರಲ್ಲಿ ಅನೇಕರಿಗೆ ಮರಾಠಿಯೇ ಓದಿನ ಭಾಷೆ. ಅಂಥಲ್ಲಿ ಗಳಗನಾಥರು ಪುಸ್ತಕದ ಗಂಟನ್ನು ಹೊತ್ತು ಊರೂರು ನಡೆದು ಮಾರಿದರು. ಅವರು ಸಾರಿದುದು ತಮ್ಮನ್ನಲ್ಲ, ಬರೆದು ಮುಗಿದು ಅಚ್ಚಾಗಿ ಕೈಯಲ್ಲಿದ್ದ ಗ್ರಂಥವನ್ನು. ಕೊಳ್ಳುವವನು ಪುಟ ತಿರುವಿ ನೋಡಿ ಬೇಡವೆನ್ನಬಹುದಾಗಿತ್ತು.

ಈ ಅಲೆದಾಟಕ್ಕೆ ಅವರ ಬರವಣಿಗೆ ಏನೂ ತೆರಲಿಲ್ಲವೆನ್ನಲಾಗದು. ‘ಸದ್ಬೋಧ ಚಂದ್ರಿಕೆ’ಯ ಹೊರೆಯೂ ಮಾರಾಟದ ಹೊರೆಯೂ ಇದ್ದವರಿಗೆ ಬಿಡುವೆಲ್ಲಿಯದು? ಅವರ ಕಾದಂಬರಿಗಳಲ್ಲಿ ಹಲವು ಹರಿ ನಾರಾಯಣ ಆಪ್ಟೆಯವರ ಮರಾಠಿ ಕೃತಿಗಳಿಂದ ಬಂದವು. ವಿಜಯನಗರ ಸ್ಥಾಪನೆಯ ಕಥೆಯುಳ್ಳ ‘ಮಾಧವ ಕರುಣಾವಿಲಾಸ’ದಲ್ಲಿ ವಿಸ್ತಾರವುಂಟು, ಗಾಂಭೀರ್ಯವುಂಟು, ಉಪದೇಶವು ಕಥೆಯ ದಾರಿಗೆ ಅಡ್ಡನಿಲ್ಲುವುದೂ ಉಂಟು. ಆದರೆ ಈ ದೋಷವನ್ನು ಬೆನ್ನಮೇಲಿನ ಗಂಟಿಗೆ ಕಟ್ಟುವುದು ಅನ್ಯಾಯವಾದೀತು. ಆ ಕಾಲದ ವಾಚಕನೇ ಉಪದೇಶವನ್ನು ಬಯಸುತ್ತಿದ್ದನು. ಗಂಟನ್ನು ಹೊತ್ತುದರಿಂದ ಆದ ಲಾಭವಂತೂ ಅವರೊಬ್ಬರದಲ್ಲ. ಅವರು ಮೆಟ್ಟಿಲು ತುಳಿದ ಮನೆಗಳಲ್ಲಿ ಹುಟ್ಟಿದ ಓದುವ ಹವ್ಯಾಸವನ್ನು ಮುಂದಿನ ಕಾದಂಬರಿಕಾರರೆಲ್ಲರೂ ಉಂಡರು.

ಇಂದಿನ ತರುಣನಿಗೆ ಗಂಟು ಹೊರುವ ಕಷ್ಟವಿಲ್ಲ. ಸಂತೆಯೇ ಫೋನಿನೊಳಗೆ ಹೊಕ್ಕು ಅವನ ಬರೆಯುವ ಮೇಜಿನ ಮೇಲೆ ಕುಳಿತಿದೆ. ಗಳಗನಾಥರಿಗೆ ಮನೆಗೂ ಸಂತೆಗೂ ನಡುವೆ ನಡೆಯಲು ಒಂದು ದಾರಿಯಾದರೂ ಇತ್ತು. ಇವನಿಗೆ ಮೂರನೆಯ ಅಧ್ಯಾಯ ಹುಟ್ಟುವ ಮೊದಲೇ ಮುಖಪುಟದ ಚಿತ್ರ ಸಿದ್ಧವಾಗಿರುತ್ತದೆ, ಗೆಳೆಯರ ಅಭಿನಂದನೆಯೂ ಬಂದಿರುತ್ತದೆ. ಮುಗಿಸಿದ ಮೇಲೆ ಸಿಗತಕ್ಕ ಸಂತೋಷವನ್ನು ಮುಂಗಡವಾಗಿ ಪಡೆದು ವೆಚ್ಚಮಾಡಿದ ಮೇಲೆ ನಾಲ್ಕನೆಯ ಅಧ್ಯಾಯಕ್ಕೆ ಕೂರುವ ಹಟ ಎಲ್ಲಿಂದ ಬರಬೇಕು? ಅರ್ಧಕ್ಕೆ ನಿಂತ ಇಂಥ ಹಸ್ತಪ್ರತಿಗಳು ವಿಮರ್ಶಕನ ಕೈಗೆ ಎಂದೂ ಬರುವುದಿಲ್ಲ. ಅವುಗಳಲ್ಲಿ ಒಳ್ಳೆಯವು ಎಷ್ಟಿದ್ದುವೋ.