ಕಾಣದ ಕ್ಲಿಪ್ಪಿನ ಲೆಕ್ಕ

ಖಡಕ್ ರೊಟ್ಟಿಯ ಸೀಮೆಯಲ್ಲಿ ಹಲ್ಲಿಗೆ ತಂತಿ ಹಾಕಿಸಿಕೊಂಡವರ ಪಾಡು ಗೊತ್ತಿದ್ದದ್ದೇ: ಕ್ಲಿಪ್ಪು ಕಿತ್ತು ಬರುತ್ತದೆ, ಮತ್ತೆ ಬಸ್ಸು ಹತ್ತಬೇಕು. ಉಣ್ಣುವಾಗ ತೆಗೆದಿಡಬಹುದಾದ ಪಾರದರ್ಶಕ ಅಲೈನರ್ ಬಾದಾಮಿ, ಶಿವಯೋಗ ಮಂದಿರದ ಕಡೆಯವರನ್ನು ಸೆಳೆದರೆ ಆಶ್ಚರ್ಯವಿಲ್ಲ. ಯಾವ ಕಂಪನಿಯದು ತೊಗೊಳ್ಳಬೇಕು ಎಂಬುದಷ್ಟೇ ತಕರಾರು.

ಅಲೈನ್ ಟೆಕ್ನಾಲಜಿ 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು. ಅದರ ಇನ್‌ವಿಸಲೈನ್ ಅಲೈನರ್ ಹೆಸರುವಾಸಿ, ದುಬಾರಿಯೂ ಹೌದು. 2017ರಿಂದ ಅದರ ಮುಖ್ಯ ಪೇಟೆಂಟ್‌ಗಳು ಮುಗಿಯತೊಡಗಿದ ಮೇಲೆ ಪೈಪೋಟಿ ಜೋರಾಯಿತು. ಸ್ಟ್ರೌಮನ್ ಕಂಪನಿಯ ಕ್ಲಿಯರ್‌ಕರೆಕ್ಟ್, ಮುಂಬೈನ ಟೂಥ್ಸಿ ಈಗ ಕೇಳಿಬರುವ ಹೆಸರುಗಳು. ಎಲ್ಲದರ ಕೆಲಸವೂ ಒಂದೇ ಬಗೆ: ಹಲ್ಲಿನ ಸಾಲಿಗೆ ತೊಡಿಸುವ ಒಂದೊಂದು ಟ್ರೇ ಹಲ್ಲನ್ನು ಸುಮಾರು 0.25 ಮಿ.ಮೀ. ಸರಿಸುತ್ತದೆ, ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು.

ವ್ಯತ್ಯಾಸ ಇರುವುದು ಅಂಚಿನಲ್ಲಿ. ಇನ್‌ವಿಸಲೈನ್ ಟ್ರೇಯನ್ನು ಸಾಮಾನ್ಯವಾಗಿ ಒಸಡಿನ ಬಾಗು ಹಿಡಿದು ಕತ್ತರಿಸಿರುತ್ತಾರೆ. ಕ್ಲಿಯರ್‌ಕರೆಕ್ಟ್ ಟ್ರೇ ಒಸಡಿನ ಮೇಲೂ ತುಸು ಹತ್ತಿ ನೇರವಾಗಿ ಮುಗಿಯುತ್ತದೆ. ನೇರ ಅಂಚಿನದಕ್ಕೆ ಹಿಡಿತ ಹೆಚ್ಚು. ಟ್ರೇ ಕಚ್ಚಿ ನಿಲ್ಲಲೆಂದು ಹಲ್ಲಿಗೆ ಅಂಟಿಸುವ ಪುಟ್ಟ ಉಬ್ಬುಗಳು ಕಡಿಮೆಯಾದರೂ ನಡೆದೀತು. ನಮ್ಮ ಬಾಗಲಕೋಟೆ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಹುನಗುಂದ, ಇಳಕಲ್ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಕುಡಿದು ಕಂದುಗಟ್ಟಿದ ಹಲ್ಲಿನ ಮೇಲೆ ಅಂಟು ಸರಿಯಾಗಿ ಕೂರುವುದಿಲ್ಲ. ಅಂಥವರಿಗಾದರೆ ನನ್ನ ಮತ ನೇರ ಅಂಚಿಗೆ.

ಇನ್ನು ಚಿಕಿತ್ಸೆಗೆ ಮೊದಲು ತೋರಿಸುವ, ಕಂಪ್ಯೂಟರ್ ಪರದೆಯ ಮೇಲೆ ಸರಸರ ಸಾಲುಗೂಡುವ ಹಲ್ಲುಗಳು! ಇನ್‌ವಿಸಲೈನ್ ಮೇಲೆಯೇ 2009ರಲ್ಲಿ ನಡೆದ ಅಧ್ಯಯನದಲ್ಲಿ, ತೋರಿಸಿದ ಚಲನೆಯ ಸರಾಸರಿ ಶೇ. 41ರಷ್ಟು ಮಾತ್ರ ಬಾಯಲ್ಲಿ ಆಗಿತ್ತು. 2020ರ ಇನ್ನೊಂದರಲ್ಲಿ ಶೇ. 50. ತಿರುಚಿ ನಿಂತ ಕೋರೆಹಲ್ಲಂತೂ ಸುಲಭಕ್ಕೆ ಬಗ್ಗುವುದಿಲ್ಲ. ಉಳಿದರ್ಧವನ್ನು ನಡುನಡುವೆ ನೋಡಿ ತಿದ್ದಲು ವೈದ್ಯರೇ ಬೇಕು. ದಂತವೈದ್ಯರ ಮುಖ ನೋಡದೆಯೇ ಟ್ರೇ ಅಂಚೆಯಲ್ಲಿ ತರಿಸಿಕೊಳ್ಳಿ ಎಂದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದಾಗ, ಅದರ ಗಿರಾಕಿಗಳ ಚಿಕಿತ್ಸೆ ಅರ್ಧಕ್ಕೇ ನಿಂತಿತು.

ಅದಕ್ಕೇ ನಾನು ಬ್ರಾಂಡಿಗಿಂತ ಬಸ್ಸಿನ ದೂರ ನೋಡುವವನು. ಬಾಗಲಕೋಟೆಯಲ್ಲೇ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ದಂತ ಕಾಲೇಜು ಇದೆ. ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದಿ ಇದ್ದರೆ, ಹತ್ತಿರದ ತಜ್ಞರು ಯಾವ ಅಲೈನರ್‌ನಲ್ಲಿ ಕೈ ಪಳಗಿಸಿಕೊಂಡಿದ್ದಾರೋ ಅದೇ ಸಾಕು. ಕೋರೆಹಲ್ಲು ತಿರುಚಿದ್ದರೆ ತಂತಿಯೇ ವಾಸಿ. ಗಂಟೆಗೊಮ್ಮೆ ಚಹಾ, ನಡುವೆ ಎಲೆ ಅಡಿಕೆ ಎನ್ನುವವರಿಗೂ ಅಷ್ಟೇ: ಟ್ರೇ ತೆಗೆಯದಿದ್ದರೆ ಬಿಸಿಗೆ ಸೊಟ್ಟಗಾಗಿ ಕಲೆ ಹಿಡಿಯುತ್ತದೆ, ತೆಗೆದರೆ 22 ಗಂಟೆ ತುಂಬುವುದಿಲ್ಲ.