ಮನೆಯವರೆಗೆ ಬಾರದ ಪೂಜೆ

ಡಿಸೆಂಬರ್ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಇಗರ್ಜಿಗಳ ಪ್ರವಚನದಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಕ್ರಿಸ್ಮಸ್‌ನಿಂದ ಕ್ರಿಸ್ತನೇ ಕಾಣೆಯಾಗಿದ್ದಾನೆ. ಕೇಕು, ವೈನು, ಹೊಸ ಬಟ್ಟೆ, ಸೇಲು ಇಷ್ಟೇ ಉಳಿದಿವೆ ಎಂಬ ದೂರು. ಬೆಂಚಿನ ಮೇಲೆ ಕೂತವರು ಹೌದೆಂದು ತಲೆಯಾಡಿಸುತ್ತಾರೆ. ಪೂಜೆ ಮುಗಿದದ್ದೇ ಅಂಗಳದಲ್ಲಿ ಕೇಕ್ ಹಂಚುತ್ತಾರೆ, ಹೌಸಿ ಆಡಿಸುತ್ತಾರೆ, ಬಾಡಿಗೆ ಗಡ್ಡದ ಸಾಂತಾ ಕ್ಲಾಸ್ ಮಕ್ಕಳ ಕಡೆ ಚಾಕಲೇಟ್ ಎರಚುತ್ತಾನೆ. ದೂರು ಹೇಳಿದವರೂ ಕೇಳಿದವರೂ ಅಲ್ಲೇ ಇರುತ್ತಾರೆ. ಇದನ್ನು ಕಪಟ ಅನ್ನಲಾರೆ. ಹಬ್ಬ ಅಂದ ಮೇಲೆ ಗದ್ದಲ ಇರಬೇಕು. ನನ್ನ ತಕರಾರು ಬೇರೆ. ಮಾರುಕಟ್ಟೆಯನ್ನು ಬೈದು ಸುಮ್ಮನಾದರೆ, ಮನೆಯ ಕ್ರಿಸ್ಮಸ್‌ನಲ್ಲಿ ನಂಬಿಕೆಗೆ ಇದ್ದ ಜಾಗ ಯಾವುದು, ಅದನ್ನು ತೆರವು ಮಾಡಿದವರು ಯಾರು ಎಂಬ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ.

ಹಿಂದೆಲ್ಲ ಬರೀ ಭಕ್ತಿ ಇತ್ತು, ಈಗ ಬರೀ ತಿಂಡಿ ಉಳಿಯಿತು ಎಂಬ ಮಾತನ್ನು ಚರಿತ್ರೆಯೂ ಒಪ್ಪುವುದಿಲ್ಲ. ರೋಮಿನಲ್ಲಿ ಡಿಸೆಂಬರ್ 25ರ ಆಚರಣೆಗೆ ಸಿಗುವ ಹಳೆಯ ದಾಖಲೆ 336ನೇ ಇಸವಿಯದು. ಮುಂದೆ ಯುರೋಪಿನಲ್ಲಿ ಈ ಹಬ್ಬ ಊಟ, ಕುಡಿತ, ಕುಣಿತಗಳನ್ನು ಕಟ್ಟಿಕೊಂಡೇ ಬೆಳೆಯಿತು. ಎಷ್ಟರಮಟ್ಟಿಗೆಂದರೆ, ಕಟ್ಟಾ ಧರ್ಮನಿಷ್ಠರಾದ ಪ್ಯೂರಿಟನ್ನರಿಗೆ ಅದನ್ನು ನೋಡಲಾಗಲಿಲ್ಲ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಹಬ್ಬವನ್ನೇ ರದ್ದು ಮಾಡಿತು. ಅಮೆರಿಕದ ಮಸಾಚುಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್ಮಸ್ ಆಚರಿಸಿ ಸಿಕ್ಕಿಬಿದ್ದವರಿಗೆ ಐದು ಶಿಲ್ಲಿಂಗ್ ದಂಡ ಇತ್ತು. ನಾವು ಕುಟುಂಬದ ಹಬ್ಬ ಎಂದು ಕರೆಯುವ ಕ್ರಿಸ್ಮಸ್ಸು, ಅಂದರೆ ಮರ, ಕಾರ್ಡು, ಮಕ್ಕಳಿಗೆ ಉಡುಗೊರೆ, ಎಲ್ಲರೂ ಮೇಜಿನ ಸುತ್ತ, ಇದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡದ್ದು. ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್ಮಸ್ ಕ್ಯಾರಲ್' ಬಂದದ್ದು 1843ರಲ್ಲಿ. ಲಂಡನ್ನಿನಲ್ಲಿ ಮೊದಲ ಕ್ರಿಸ್ಮಸ್ ಕಾರ್ಡು ಅಚ್ಚಾದದ್ದೂ ಅದೇ ವರ್ಷ. ಆ ಕಥೆಯಲ್ಲೇ ಚರ್ಚಿಗಿಂತ ಬಡ ಗುಮಾಸ್ತನ ಮನೆಯ ಊಟಕ್ಕೆ ಹೆಚ್ಚು ಪುಟಗಳಿವೆ.

ಹಾಗಾಗಿ ತಿಂಡಿಯನ್ನು ದೂಷಿಸುವುದರಲ್ಲಿ ಅರ್ಥವಿಲ್ಲ. ನಮ್ಮ ಕರಾವಳಿಯ ಕ್ರಿಸ್ಮಸ್ ತಿಂಡಿಗಳ ಕುಸ್ವಾರ್ ತಟ್ಟೆಯನ್ನೇ ನೋಡಿ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ರೋಸ್ ಕುಕ್ಕಿ, ಅವುಗಳ ಪಕ್ಕದಲ್ಲೇ ಚಕ್ಕುಲಿ, ಉಂಡೆ. ಈ ಚಕ್ಕುಲಿ, ಉಂಡೆಗಳೇ ಉಡುಪಿಯಲ್ಲಿ ಕೃಷ್ಣಾಷ್ಟಮಿಗೂ ಬೇಕು. ಅಲ್ಲೂ ಒಂದು ಮಗು ಹುಟ್ಟಿದ ರಾತ್ರಿ. ತಿಂಡಿಗೆ ಜಾತಿ ಇಲ್ಲ, ಸದ್ಯ. ಕಿಡಿಯೊ ಮಾಡುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಮೈದಾ ಹಿಟ್ಟಿನ ಚಿಕ್ಕ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಹಾಗೇ ಸುರುಳಿ ಸುತ್ತಿ ಬಿಡಿಸಬೇಕು. ಮೇಲೆ ಗೀರು ಮೂಡುತ್ತದೆ, ಒಳಗೆ ಪೊಳ್ಳು ಇರುತ್ತದೆ. ಒಂದು ಡಬ್ಬಿ ತುಂಬಲು ನೂರಾರು ಬೇಕು, ಆದ್ದರಿಂದ ಒಬ್ಬರಿಂದ ಆಗುವ ಕೆಲಸವಲ್ಲ. ಅಜ್ಜಿ, ಅತ್ತೆ, ಸೊಸೆ, ಪಕ್ಕದ ಮನೆಯ ಬಾಯಿ, ಶಾಲೆಯಿಂದ ಬಂದ ಮಕ್ಕಳು ಎಲ್ಲರೂ ಚಾಪೆ ಮೇಲೆ ಕೂರಬೇಕು. ಏಳು ಗಂಟೆಗೆ ಯಾರೋ ತೇರ್ಸ್ ಶುರು ಮಾಡಿದರೆ, ಅಂದರೆ ಜಪಸರ, ಕೈ ಹಿಟ್ಟಿನಲ್ಲಿ, ಬಾಯಿ ಪ್ರಾರ್ಥನೆಯಲ್ಲಿ.

ಇದನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವ ಗಂಡಸರ ಬರಹಗಳು ಪ್ರತಿ ವರ್ಷವೂ ಬರುತ್ತವೆ. ಅವರು ಮರೆಯುವ ಸಂಗತಿ, ಎಣ್ಣೆಯ ಬಾಣಲೆ ಎದುರು ರಾತ್ರಿ ಹನ್ನೊಂದರವರೆಗೆ ನಿಂತವರು ಹೆಂಗಸರು, ಮರುದಿನ ನೆಂಟರಿಗೆ ಹಂದಿ ಪದಾರ್ಥ, ಸಣ್ಣಾಸ್ ಬಡಿಸಿದವರೂ ಅವರೇ. ಪೂಜೆಯಲ್ಲಿ ತೂಕಡಿಸಿದರೆ ಅದಕ್ಕೂ ಮಾತು ಕೇಳಬೇಕಿತ್ತು. ಈಗ ಅವರು ಕುಸ್ವಾರನ್ನು ಬೇಕರಿಯಿಂದಲೋ ಸ್ವಸಹಾಯ ಗುಂಪಿನಿಂದಲೋ ಕಿಲೋ ಲೆಕ್ಕದಲ್ಲಿ ತರಿಸಿಕೊಂಡರೆ ನಂಬಿಕೆ ಕುಸಿಯಿತೆಂದು ನಾನು ಹೇಳಲಾರೆ. ಕರಿಯುವುದು ನಿಂತದ್ದರಿಂದ ನಷ್ಟವೇನಿಲ್ಲ. ಕರಿಯುವ ನೆಪದಲ್ಲಿ ಮನೆಮಂದಿ ದಿನಗಟ್ಟಲೆ ಒಟ್ಟಿಗೆ ಕೂತು, ಬರಲಿರುವ ಒಂದು ರಾತ್ರಿಗೆ ಕಾಯುತ್ತಿದ್ದರಲ್ಲ, ಅದಕ್ಕೆ ಬದಲಾಗಿ ಬೇರೇನೂ ಬರಲಿಲ್ಲ.

ಕಾಯುವುದು ಎಂದೆ. ಕ್ರೈಸ್ತ ಸಭೆಯ ಪಂಚಾಂಗದಲ್ಲಿ ಇದಕ್ಕೆ ಆಗಮನ ಕಾಲ ಎಂದೇ ನಾಲ್ಕು ಭಾನುವಾರಗಳಿವೆ. ಪಾದ್ರಿಗಳು ನೇರಳೆ ಬಣ್ಣದ ಉಡುಪು ತೊಡುವ, ಪೂಜೆಯಲ್ಲಿ ಗ್ಲೋರಿಯಾ ಹಾಡದ, ಪಾಪನಿವೇದನೆಗೆ ಸಾಲು ನಿಲ್ಲುವ ದಿನಗಳು. ಅದರ ಪ್ರಕಾರ ಕ್ರಿಸ್ಮಸ್ ಶುರುವಾಗುವುದೇ 24ರ ಸಂಜೆ. ಮೂರು ರಾಯರ ಹಬ್ಬ ದಾಟಿ ಜನವರಿಯಲ್ಲಿ ಕ್ರಿಸ್ತನ ದೀಕ್ಷಾಸ್ನಾನದ ಹಬ್ಬದವರೆಗೆ ಅದು ನಡೆಯಬೇಕು. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ತಿರುಗಾಮುರುಗಾ. ಡಿಸೆಂಬರ್ ಹತ್ತಕ್ಕೆ ಆಫೀಸಿನ ಪಾರ್ಟಿ, ಹದಿನೈದಕ್ಕೆ ಸಂಘದ ಪಾರ್ಟಿ, ಇಪ್ಪತ್ತಕ್ಕೆ ಅಪಾರ್ಟ್‌ಮೆಂಟಿನದು. 25ರ ಮಧ್ಯಾಹ್ನ ಊಟ ಮುಗಿದ ಮೇಲೆ ಎಲ್ಲರಿಗೂ ಸುಸ್ತು. ಇನ್ನೇನು ಹಬ್ಬ ಆರಂಭವಾಯಿತು ಎಂದು ಸಭೆ ಹೇಳುವ ಹೊತ್ತಿಗೆ ಮನೆಯಲ್ಲಿ ಅದು ಹಳಸಿರುತ್ತದೆ.

ಇಲ್ಲಿ ಮಾರುಕಟ್ಟೆಯ ಕೈವಾಡ ಖಂಡಿತ ಇದೆ. ಆದರೆ ಕಾಯುವುದಕ್ಕೆಂದೇ ಹುಟ್ಟಿದ ವಸ್ತುಗಳನ್ನು ನಾವು ಏನು ಮಾಡಿದೆವು? ಆಗಮನ ಕಾಲದ ಮೇಣದಬತ್ತಿಯ ಚಕ್ರವನ್ನು 1839ರಲ್ಲಿ ಹ್ಯಾಂಬರ್ಗಿನ ಯೋಹಾನ್ ಹಿನ್ರಿಶ್ ವಿಶರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ ಮಾಡಿದ್ದು ತನ್ನ ಆಶ್ರಮದ ಬಡಮಕ್ಕಳಿಗಾಗಿ. ಕ್ರಿಸ್ಮಸ್ ಯಾವಾಗ ಎಂಬ ಅವರ ಪ್ರಶ್ನೆಗೆ ಉತ್ತರವಾಗಿ ಹಳೆಯ ಗಾಡಿಚಕ್ರದ ಮೇಲೆ ದಿನಕ್ಕೊಂದು ಬತ್ತಿ, ಭಾನುವಾರಕ್ಕೆ ದೊಡ್ಡದೊಂದು. ಮಕ್ಕಳು ಬೆರಳು ಮಡಿಸುತ್ತಾ ಎಣಿಸಲಿ ಎಂದು ಮಾಡಿದ ಆ ವಸ್ತು ನಮ್ಮಲ್ಲಿ ಪೀಠದ ಪಕ್ಕ ಹೂವಿನ ಅಲಂಕಾರವಾಗಿ ಕೂತಿದೆ. ಮನೆಯ ಮೇಜಿನ ಮೇಲೆ ಅದನ್ನು ಕಂಡದ್ದು ಬಹಳ ಕಡಿಮೆ.

ಕ್ರಿಸ್ತಜನನದ ದೃಶ್ಯವಾದ ಗೋದಲಿಯದೂ ಇದೇ ಕಥೆ, ಸ್ವಲ್ಪ ಹೆಚ್ಚು ನೋವಿನದು. ಡಿಸೆಂಬರ್ ಮೊದಲ ವಾರಗಳಲ್ಲಿ ಮಕ್ಕಳು ಭತ್ತ, ರಾಗಿ ಇಲ್ಲವೇ ಹೆಸರುಕಾಳು ನೆನೆಹಾಕಿ, ತೆಂಗಿನ ಗೆರಟೆಯಲ್ಲಿ ಮಣ್ಣು ತುಂಬಿ ಬಿತ್ತುತ್ತಿದ್ದರು. 24ರ ಹೊತ್ತಿಗೆ ಅದು ಬೆರಳುದ್ದ ಹಸಿರಾಗಿ ಗೋದಲಿಯ ಗದ್ದೆಯಾಗಬೇಕು. ಬೇಗ ಬಿತ್ತಿದರೆ ಹಬ್ಬದ ದಿನ ಬಾಗಿ ಬೀಳುತ್ತದೆ, ತಡವಾದರೆ ಬರೀ ಮೊಳಕೆ. ಕುರಿಗಾಹಿಗಳು, ಎತ್ತು, ಕತ್ತೆ, ಮರಿಯಮ್ಮ, ಜೋಸೆಫ್ ಎಲ್ಲರೂ ಮೊದಲೇ ಬಂದು ನಿಂತರೂ ಹುಲ್ಲಿನ ಮೇಲೆ ಮಗು ಇರುತ್ತಿರಲಿಲ್ಲ. ಅದನ್ನು ಹತ್ತಿಯಲ್ಲಿ ಸುತ್ತಿ ಅಲಮಾರಿಯಲ್ಲಿ ಇಟ್ಟಿರುತ್ತಿದ್ದರು. ರಾತ್ರಿ ಪೂಜೆಯಿಂದ ಬಂದ ಮೇಲೆ ಮನೆಯ ಕಿರಿಯ ಮಗು ಅದನ್ನು ತಂದು ಮಲಗಿಸಬೇಕು, ಒಂದು ಹಾಡು ಆಗಬೇಕು, ಆಮೇಲೆ ಕೇಕು. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಸೆಟ್ಟುಗಳಲ್ಲಿ ಮಗುವನ್ನು ತೊಟ್ಟಿಲಿಗೇ ಅಂಟಿಸಿರುತ್ತಾರೆ. ಡಿಸೆಂಬರ್ ಒಂದಕ್ಕೆ ಡಬ್ಬಿ ಬಿಚ್ಚಿದರೆ ಕ್ರಿಸ್ತ ಆಗಲೇ ಹುಟ್ಟಿ ಕೈ ಚಾಚಿರುತ್ತಾನೆ. ಕಾಯಲು ಏನೂ ಉಳಿದಿಲ್ಲ.

ಗೋದಲಿಯ ಮೂಲಕ್ಕೆ ಹೋದರೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. 1223ರಲ್ಲಿ ಅಸಿಸ್ಸಿಯ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಏರ್ಪಡಿಸಿದ ದೃಶ್ಯದಲ್ಲಿ ಇದ್ದದ್ದು ಹುಲ್ಲು ತುಂಬಿದ ಗೋದಲಿ, ಒಂದು ಎತ್ತು, ಒಂದು ಕತ್ತೆ. ಬೊಂಬೆಗಳಿರಲಿಲ್ಲ. ಆ ಗೋದಲಿಯ ಮೇಲೆಯೇ ಪೂಜೆ ನಡೆಯಿತು. ಪೋಪ್ ಫ್ರಾನ್ಸಿಸ್ 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊಗೆ ಹೋಗಿ ಸಹಿ ಹಾಕಿದ ಪತ್ರದಲ್ಲಿ ಇದನ್ನು ನೆನಪಿಸಿ, ಮನೆ ಮನೆಯಲ್ಲೂ ಗೋದಲಿ ಕಟ್ಟುವ ರೂಢಿ ಬಿಡಬೇಡಿ ಎಂದರು. ನಮ್ಮಲ್ಲಿ ರೂಢಿ ಬಿಟ್ಟಿಲ್ಲ, ನಿಜ. ಅದನ್ನು ಸ್ಪರ್ಧೆ ಮಾಡಿದ್ದೇವೆ. ಇಗರ್ಜಿಯ ವಾಳೆಗೊಂದು, ಅಂದರೆ ವಾರ್ಡಿಗೊಂದು ಗೋದಲಿ, ತೀರ್ಪುಗಾರರ ತಂಡ, ಅಂಕಪಟ್ಟಿ, ಮೋಟಾರಿನಿಂದ ಬೀಳುವ ಜಲಪಾತ, ತಿರುಗುವ ಗಾಳಿಯಂತ್ರ, ಎಲ್‌ಇಡಿ. ಯುವಕರು ರಾತ್ರಿಯಿಡೀ ದುಡಿಯುತ್ತಾರೆ, ಅವರ ಶ್ರಮ ದೊಡ್ಡದು. ಆದರೆ ಮನೆಯ ಮೂಲೆಯಲ್ಲಿ ಮಗುವೊಂದು ಅಂಟು ಮೆತ್ತಿದ ಕೈಯಿಂದ ಕಟ್ಟುತ್ತಿದ್ದ ಸೊಟ್ಟ ಗುಡಿಸಲು ಈ ಜಲಪಾತದ ಮುಂದೆ ನಾಚಿಕೊಂಡಿದೆ.

ಈ ಕಡೆಯಿಂದ ನೋಡಿದಾಗ ನನ್ನ ಮಾತು ಇಷ್ಟು: ಮನೆಯ ಕ್ರಿಸ್ಮಸ್‌ನಿಂದ ನಂಬಿಕೆಯನ್ನು ಮಾರುಕಟ್ಟೆ ಎತ್ತಿಕೊಂಡು ಹೋಗುವ ಮೊದಲೇ ಇಗರ್ಜಿ ಎತ್ತಿಕೊಂಡು ಹೋಗಿತ್ತು. ಪ್ರಾರ್ಥನೆ, ಹಾಡು, ಓದು, ಗೋದಲಿ, ಕೊನೆಗೆ ನೆರೆಯವರಿಗೆ ಉಡುಗೊರೆ ಕೊಡುವುದು ಕೂಡ ಈಗ ಚರ್ಚ್ ಕಾಂಪೌಂಡಿನ ಕಾರ್ಯಕ್ರಮಗಳು. ಮನೆಗೆ ಉಳಿದದ್ದು ಅಡುಗೆ. ಅಡುಗೆಮನೆಗೆ ಬಂದು ಅಲ್ಲಿ ದೇವರಿಲ್ಲ ಎಂದು ದೂರಿದರೆ ಹೇಗೆ?

ಹೋಲಿಕೆಗೆ ದೂರ ಹೋಗಬೇಕಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನೇ ತೆಗೆದುಕೊಳ್ಳಿ. ಮರಿಯಮ್ಮ ಹುಟ್ಟಿದ ದಿನ, ಹೊಸ ತೆನೆಯ ಹಬ್ಬ. ಮಕ್ಕಳು ಇಗರ್ಜಿಯಲ್ಲಿ ಹೂ ಅರ್ಪಿಸುತ್ತಾರೆ, ಕಬ್ಬು ಸಿಗುತ್ತದೆ. ಆದರೆ ಹಬ್ಬದ ತಿರುಳು ಆಮೇಲಿನದು. ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು ಪೀಠದ ಮುಂದೆ ಇಟ್ಟು, ಕಾಳು ಬಿಡಿಸಿ ಅರೆದು ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ಹೇಳುತ್ತಾರೆ. ಎಲ್ಲರೂ ಒಂದೊಂದು ಚಮಚ ತೆಗೆದುಕೊಂಡ ಮೇಲೆಯೇ ಬಾಳೆಲೆ ಮೇಲೆ ಸಸ್ಯಾಹಾರಿ ಊಟ. ಊರಲ್ಲಿಲ್ಲದ ಮಕ್ಕಳಿಗೆ ನಾಲ್ಕು ಕಾಳನ್ನು ಅಂಚೆಯಲ್ಲಿ ಕಳಿಸುವವರಿದ್ದಾರೆ. ಇಲ್ಲಿ ಪಾದ್ರಿ ಬೇಡ, ಮೈಕು ಬೇಡ. ದೇವರಲ್ಲಿ ಅಷ್ಟಾಗಿ ನಂಬಿಕೆ ಇಲ್ಲದ ಮಗನೂ ಆ ಚಮಚಕ್ಕೆ ಬಾಯಿ ತೆರೆಯುತ್ತಾನೆ. ಮೊಂತಿ ಹಬ್ಬದಲ್ಲಿ ಧರ್ಮ ಕಡಿಮೆಯಾಯಿತೆಂದು ಯಾರೂ ಪ್ರವಚನ ಮಾಡುವುದಿಲ್ಲ. ಅಲ್ಲಿ ಊಟವನ್ನೂ ಪ್ರಾರ್ಥನೆಯನ್ನೂ ಬೇರೆ ಮಾಡಲು ಬರುವುದಿಲ್ಲ.

ಪೋಲೆಂಡಿನವರು ಇದನ್ನೇ ಕ್ರಿಸ್ಮಸ್ ಮುನ್ನಾದಿನ ಮಾಡುತ್ತಾರೆ. ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ ಮಾಂಸವಿಲ್ಲದ ಊಟ, ಮೇಜಿನ ಬಟ್ಟೆಯ ಕೆಳಗೆ ಒಂದಿಷ್ಟು ಒಣಹುಲ್ಲು, ಅನಿರೀಕ್ಷಿತವಾಗಿ ಬರುವವನಿಗೆಂದು ಒಂದು ಖಾಲಿ ತಟ್ಟೆ. ಊಟಕ್ಕೆ ಮೊದಲು ತೆಳ್ಳನೆಯ ಒಪ್ವಾಟೆಕ್ ರೊಟ್ಟಿಯನ್ನು ಒಬ್ಬರ ಕೈಯಿಂದ ಒಬ್ಬರು ಮುರಿದುಕೊಂಡು ಹಾರೈಸಬೇಕು. ವರ್ಷವಿಡೀ ಮಾತು ಬಿಟ್ಟವರಿಗೂ ಆ ಗಳಿಗೆಯಲ್ಲಿ ಮುಖ ತಿರುಗಿಸುವುದು ಕಷ್ಟ.

ನಮ್ಮಲ್ಲಿ ಹೀಗೆ ಮನೆಗೆ ಅನಿವಾರ್ಯವಾದ ಒಂದು ಕ್ರಮ ಕ್ರಿಸ್ಮಸ್‌ಗೆ ಬೆಳೆಯಲೇ ಇಲ್ಲ. ಮಧ್ಯರಾತ್ರಿಯ ಪೂಜೆ ಆ ಕೊರತೆಯನ್ನು ಎಷ್ಟೋ ಕಾಲ ಮುಚ್ಚಿತ್ತು. ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿ, ಟಾರ್ಚ್ ಹಿಡಿದು ಗದ್ದೆಯ ಅಂಚಿನಲ್ಲಿ ನಡೆಯುವಾಗ ಹಬ್ಬ ಮೈಗೇ ಗೊತ್ತಾಗುತ್ತಿತ್ತು. ಈಗ ಎಷ್ಟೋ ಕಡೆ 24ರ ಪೂಜೆ ಸಂಜೆ ಏಳರ ಆಸುಪಾಸಿಗೇ ಶುರು. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ, ವಯಸ್ಸಾದವರಿಗೆ ಅನುಕೂಲ, ದೂರದವರಿಗೆ ಸುರಕ್ಷಿತ. ವ್ಯಾಟಿಕನ್ನಿನಲ್ಲೇ ಪೋಪ್ ಬೆನೆಡಿಕ್ಟ್ 2009ರಲ್ಲಿ ರಾತ್ರಿ ಹತ್ತಕ್ಕೆ ಪೂಜೆ ಮಾಡಿದ ಮೇಲೆ ನಾವೇನು ತಕರಾರು ತೆಗೆಯುವುದು? ಬದಲಾವಣೆ ಸರಿಯೇ. ಅದರಿಂದ ಮನೆಗೆ ಒಂದು ಇಡೀ ರಾತ್ರಿ ಬಿಡುವು ಸಿಕ್ಕಿತು. ಒಂಬತ್ತಕ್ಕೆ ಮನೆ ಸೇರಿದ ಕುಟುಂಬ ಏನು ಮಾಡುತ್ತಿದೆ? ಒಬ್ಬ ಶುಭಾಶಯ ಫಾರ್ವರ್ಡ್ ಮಾಡುತ್ತಾನೆ, ಒಬ್ಬಳು ಗೋದಲಿ ಮುಂದೆ ಫೋಟೋ ತೆಗೆಯುತ್ತಾಳೆ, ಅಪ್ಪ ಬಾಟಲಿ ಬಿಚ್ಚುತ್ತಾನೆ. ಕೆಟ್ಟದ್ದೇನೂ ನಡೆಯುತ್ತಿಲ್ಲ. ಆದರೆ ಅಜ್ಜಿ ಒಳಗಿನ ಕೋಣೆಯಲ್ಲಿ ಒಬ್ಬಳೇ ಮಣಿ ಎಣಿಸುತ್ತಿದ್ದಾಳೆ, ಅದೂ ತನ್ನ ಪಾಡಿಗೆ.

ಕೊಲ್ಲಿಗೆ ಹೋದ ನಮ್ಮವರ ಅನುಭವ ಇದಕ್ಕೆ ತದ್ವಿರುದ್ಧ. ಕುವೈತಿನಲ್ಲಿ ಡಿಸೆಂಬರ್ 25 ಸರ್ಕಾರಿ ರಜೆಯಲ್ಲ. ಕೆಲಸ ಮುಗಿಸಿ, ಕಿಕ್ಕಿರಿದ ಚರ್ಚಿನ ಅಂಗಳದಲ್ಲಿ ನಿಂತು ಪೂಜೆ ಕೇಳಿ, ಫ್ಲ್ಯಾಟಿಗೆ ಬಂದು ನಾಲ್ಕು ಮನೆಯವರು ಸೇರಿ ಒಂದು ತೇರ್ಸ್ ಹೇಳಿ ಉಣ್ಣುತ್ತಾರೆ. ಊರಿಗೆ ವಾಪಸಾದ ಮೇಲೆ ಅದೇ ಜನ ಮನೆಯಲ್ಲಿ ಪ್ರಾರ್ಥನೆಗೆ ಕೂರುವುದಿಲ್ಲ. ಎಲ್ಲ ಚರ್ಚಿನಲ್ಲಿ ಆಗುತ್ತದಲ್ಲ ಎಂಬ ನಿರಾಳ.

ಇನ್ನು ಬೆರಕೆ ಮನೆಗಳು. ಸೊಸೆ ಹಿಂದೂ, ಅಳಿಯ ಯಾವ ದೇವರನ್ನೂ ನಂಬದವ, ಮೊಮ್ಮಕ್ಕಳಿಗೆ ಎರಡೂ ಹಬ್ಬ. ಇವರಿಗೆ ನೋವಾಗದಿರಲಿ ಎಂದು ಪ್ರಾರ್ಥನೆಯನ್ನೇ ಕೈಬಿಡುವ ಮನೆಗಳಿವೆ. ಈ ಸಂಕೋಚ ಸೌಜನ್ಯದಂತೆ ಕಾಣುತ್ತದೆ, ಆದರೆ ಒಳಗೆ ಸೋಮಾರಿತನವಿದೆ. ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಕುಸ್ವಾರ್ ತಟ್ಟೆ ಹೋಗುವಾಗ ಯಾರೂ ಸಂಕೋಚಪಡಲಿಲ್ಲ. ಅವರೂ ದೀಪಾವಳಿ, ಈದ್‌ಗೆ ಖಾಲಿ ತಟ್ಟೆ ಮರಳಿಸಲಿಲ್ಲ. ಕಥೆ ಹೇಳುವುದಕ್ಕೆ ಮಾತ್ರ ಯಾಕೆ ಹಿಂಜರಿಕೆ? ಸಂತ ಲೂಕನ ಎರಡನೇ ಅಧ್ಯಾಯದಲ್ಲಿ ಜನನದ ವೃತ್ತಾಂತ ಇಪ್ಪತ್ತೇ ವಚನಗಳು. ಜನಗಣತಿಗೆ ಹೊರಟ ಬಡ ದಂಪತಿ, ಛತ್ರದಲ್ಲಿ ಜಾಗವಿಲ್ಲ, ಸುದ್ದಿ ಮೊದಲು ತಲುಪುವುದು ರಾತ್ರಿಪಾಳಿಯ ಕುರುಬರಿಗೆ. ಕೇಳಲು ಕ್ರೈಸ್ತರೇ ಆಗಬೇಕಿಲ್ಲ. ಗಟ್ಟಿಯಾಗಿ ಓದಿದರೆ ಮೂರು ನಿಮಿಷ.

ಅದನ್ನು ಓದುವ ಕೆಲಸ ಮನೆಯದು, ಮಕ್ಕಳದು. ಇಗರ್ಜಿಗೆ ನಿಜವಾಗಿ ಕಾಳಜಿಯಿದ್ದರೆ ಪ್ರವಚನದ ಒಂದು ದೂರನ್ನು ಬಿಟ್ಟು, ಮುಂದಿನ ವರ್ಷದ ಗೋದಲಿ ಸ್ಪರ್ಧೆಯ ತೀರ್ಪುಗಾರರನ್ನು ಮನೆಗಳಿಗೆ ಕಳಿಸಲಿ. ಜಲಪಾತಕ್ಕೆ ಅಂಕ ಬೇಡ. ಗುಡಿಸಲಿನ ಮುಂದೆ ನಿಂತ ಆ ಮನೆಯ ಆರು ವರ್ಷದ ಹುಡುಗಿಯನ್ನು, "ಇವರೆಲ್ಲ ಯಾರು ಮಗಾ, ಇಲ್ಲಿಗೆ ಯಾಕೆ ಬಂದಿದ್ದಾರೆ?" ಎಂದು ಕೇಳಿ, ಅವಳು ಹೇಳಿದ್ದಕ್ಕೆ ಬಹುಮಾನ ಕೊಡಲಿ.