ಜಮೀನು ಬಿಟ್ಟು ನಡೆದವರು

ಕನ್ನಡ ಸಿನಿಮಾದಲ್ಲಿ ಇಬ್ಬರು ಗಂಡಸರು ಜಮೀನು ಬಿಟ್ಟು ಎದ್ದು ನಡೆದಿದ್ದಾರೆ. ಒಬ್ಬ 1972ರ ‘ಬಂಗಾರದ ಮನುಷ್ಯ’ದ ರಾಜೀವ. ಬರಡು ನೆಲದ ಬಂಡೆ ಒಡೆದು ಬಂಗಾರ ಬೆಳೆದವನು, ಅಕ್ಕನ ಮಗನೇ ಆಸ್ತಿಯ ವಿಷಯದಲ್ಲಿ ತನ್ನನ್ನು ಅನುಮಾನಿಸಿದಾಗ ಒಂದು ಮಾತೂ ಆಡದೆ ಹೊರಟುಹೋಗುತ್ತಾನೆ. ಇನ್ನೊಬ್ಬ 2015ರ ‘ತಿಥಿ’ಯ ಗಡ್ಡಪ್ಪ. ಜೇಬಿನಲ್ಲಿ ಟೈಗರ್ ಬ್ರಾಂದಿ ಇಟ್ಟುಕೊಂಡು, ಹುಲಿ-ಕುರಿ ಆಟ ಆಡಿಕೊಂಡು, ಹೊಲಗಳ ನಡುವೆ ಅಲೆಯುವ ಈ ಮುದುಕನಿಗೆ ಅಪ್ಪ ಬಿಟ್ಟುಹೋದ ಐದು ಎಕರೆ ಬೇಕಿಲ್ಲ. ಮೊದಲನೆಯವನನ್ನು ನಾವು ತ್ಯಾಗಿ ಎಂದು ಕೈಮುಗಿದೆವು. ಎರಡನೆಯವನನ್ನು ಅವಧೂತ ಎಂದು ಕೊಂಡಾಡಿದೆವು. ಹಾಗೆ ಕೊಂಡಾಡಿದವರಲ್ಲಿ ನಾನೂ ಒಬ್ಬ.

‘ತಿಥಿ’ಯನ್ನು ಮೂರನೇ ಸಲ ನೋಡಿದ್ದು ದುದ್ದದಲ್ಲಿ, ಚಿಕ್ಕಪ್ಪನ ಮನೆಯ ಟೀವಿಯಲ್ಲಿ. ಮನೆಮಂದಿಯೆಲ್ಲ ನಗುತ್ತಿದ್ದರು. ಚಿಕ್ಕಪ್ಪ ಮಾತ್ರ ನಗಲಿಲ್ಲ. ಚಿತ್ರ ಮುಗಿದ ಮೇಲೆ, ‘ಅಲ್ಲ ಕಣ್ಲಾ, ಆ ತಮ್ಮಣ್ಣ ಮಾಡಿದ್ರಲ್ಲಿ ತಪ್ಪೇನದೆ?’ ಎಂದು ಕೇಳಿದರು. ನಾನು ಗಡ್ಡಪ್ಪನ ವೈರಾಗ್ಯ, ಸ್ವಾತಂತ್ರ್ಯ ಎಂದೆಲ್ಲ ಶುರು ಮಾಡಿದೆ. ‘ಅವ್ನು ಸುಮ್ಕೆ ಓಗ್ಬುಟ್ಟ. ಉಳ್ದೋನು ಏನ್ಮಾಡ್ಬೇಕು?’ ಎಂದು ಎದ್ದುಹೋದರು. ಅದಕ್ಕೆ ಆವತ್ತು ನನ್ನಲ್ಲಿ ಉತ್ತರ ಇರಲಿಲ್ಲ. ನೋಡಿದ ಚಿತ್ರಗಳನ್ನೆಲ್ಲ ಆ ಪ್ರಶ್ನೆಯ ಮುಂದಿಟ್ಟು ಮತ್ತೆ ನೋಡಬೇಕು ಅನ್ನಿಸಿತು.

ತಮ್ಮಣ್ಣ ಮಾಡಿದ್ದೇನು? ನೂರೊಂದು ವರ್ಷದ ಅಜ್ಜ ಸೆಂಚುರಿ ಗೌಡ ಸತ್ತಿದ್ದಾನೆ. ಜಮೀನು ಆತನ ಹೆಸರಿನಲ್ಲಿದೆ. ಅದು ಮೊದಲು ಮಗ ಗಡ್ಡಪ್ಪನಿಗೆ ಬಂದು, ಆಮೇಲೆ ಮೊಮ್ಮಗ ತಮ್ಮಣ್ಣನಿಗೆ ಬರಬೇಕು. ಗಡ್ಡಪ್ಪ ಯಾವ ಕಾಗದಕ್ಕೂ ಕೈ ಹಾಕುವವನಲ್ಲ. ಹಾಗಾಗಿ ತಮ್ಮಣ್ಣ ಬದುಕಿರುವ ಅಪ್ಪನ ಮರಣ ಪ್ರಮಾಣಪತ್ರ ಮಾಡಿಸುತ್ತಾನೆ, ಅಪ್ಪನ ಕೈಗೆ ದುಡ್ಡು ಕೊಟ್ಟು ಊರು ಸುತ್ತಲು ಕಳಿಸುತ್ತಾನೆ, ತಾನು ಸಾಲಕ್ಕೆ ಬೀಳುತ್ತಾನೆ. ಪೇಟೆಯ ಪ್ರೇಕ್ಷಕನಿಗೆ ಇದು ದುರಾಸೆಯ ಪ್ರಹಸನ. ನಾಡಕಚೇರಿಯ ಮೆಟ್ಟಿಲ ಮೇಲೆ ಒಂದು ಬೆಳಿಗ್ಗೆ ಕಳೆದವನಿಗೆ ಹಾಗೆ ಕಾಣುವುದಿಲ್ಲ. ಪೌತಿ ಖಾತೆ ಆಗದೆ ತಾತನ ಹೆಸರಿನಲ್ಲೇ ಉಳಿದ ಪಹಣಿ ನಮ್ಮ ಹಳ್ಳಿಗಳಲ್ಲಿ ಹೊಸ ಸಂಗತಿಯಲ್ಲ. ನೆಲ ಉಳುವವನು ಒಬ್ಬ, ಕಾಗದದಲ್ಲಿರುವವನು ಸತ್ತ ಇನ್ನೊಬ್ಬ. ಖಾತೆ ತನ್ನ ಹೆಸರಿಗೆ ಬರುವವರೆಗೆ ಆ ನೆಲದ ಮೇಲೆ ಸಾಲ ಎತ್ತುವುದೂ ಕಷ್ಟ, ಮಾರುವುದೂ ಕಷ್ಟ. ‘ತಿಥಿ’ಯ ಕತೆ ನಿಂತಿರುವುದೇ ಈ ಗಂಟಿನ ಮೇಲೆ.

ನಿರ್ದೇಶಕ ರಾಮ್ ರೆಡ್ಡಿ, ಅವರ ಜೊತೆ ಚಿತ್ರಕತೆ ಬರೆದ ಈರೇಗೌಡ ಈ ಗಂಟನ್ನು ಬಲ್ಲರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಮುಂಚೆ ಕ್ಯಾಮೆರಾ ಮುಂದೆ ನಿಲ್ಲದವರನ್ನೇ ಇಟ್ಟುಕೊಂಡು ಚಿತ್ರ ಮಾಡಿದರು. ಲೊಕಾರ್ನೋ ಉತ್ಸವದಲ್ಲಿ ಅದಕ್ಕೆ ಚಿನ್ನದ ಚಿರತೆ ಬಂತು, ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಪ್ರಶಸ್ತಿಗಿಂತ ದೊಡ್ಡದು ಅದರ ಕಿವಿ. ನಮ್ಮ ಸೀಮೆಯ ಮಾತನ್ನು ಅದು ಇದ್ದ ಹಾಗೆ ಕೇಳಿಸಿಕೊಂಡಿತು. ಎಲ್ಲಿ ಅಳಬೇಕು, ಎಲ್ಲಿ ನಗಬೇಕು ಎಂದು ಹಿನ್ನೆಲೆ ಸಂಗೀತದಿಂದ ಹೇಳಿಕೊಡಲಿಲ್ಲ. ಅದಕ್ಕೇ ಚಿಕ್ಕಪ್ಪನಿಗೆ ನಗದೇ ಇರುವ ಅವಕಾಶ ಸಿಕ್ಕಿತು.

ಆದರೂ ಚಿತ್ರದ ಮೇಲೆ ನನ್ನದೊಂದು ತಕರಾರಿದೆ. ರಾತ್ರಿ ಬೆಂಕಿಯ ಮುಂದೆ ಕುರಿಗಾಹಿಗಳ ಎದುರು ಗಡ್ಡಪ್ಪ ತನ್ನ ಹಳೆಯ ಗಾಯದ ಕತೆ ಹೇಳುತ್ತಾನೆ. ಅಲ್ಲಿಯವರೆಗೆ ಮೋಜಿನ ಮುದುಕನಾಗಿದ್ದವನು ಅಲ್ಲಿಂದ ಮುಂದೆ ಮನುಷ್ಯನಾಗುತ್ತಾನೆ. ಇಡೀ ಚಿತ್ರದ ಅತ್ಯಂತ ಆಳವಾದ ಗಳಿಗೆ ಅದು. ಅಂಥ ಒಂದು ಬೆಂಕಿಯ ರಾತ್ರಿ ತಮ್ಮಣ್ಣನಿಗೆ ಸಿಗುವುದಿಲ್ಲ. ಅವನು ಕೊನೆಯವರೆಗೂ ಓಡಾಡುತ್ತಲೇ ಇರುತ್ತಾನೆ: ಕಚೇರಿಗೆ, ಸಾಲಕ್ಕೆ, ತಿಥಿಯೂಟದ ಏರ್ಪಾಟಿಗೆ. ಬಿಟ್ಟುಹೋದವನಿಗೆ ಚಿತ್ರ ಒಂದು ಒಳಗನ್ನು ಕೊಟ್ಟಿತು, ಉಳಿದವನಿಗೆ ಬರೀ ಕೆಲಸ ಕೊಟ್ಟಿತು. ‘ಬಂಗಾರದ ಮನುಷ್ಯ’ದಲ್ಲೂ ಹೀಗೆಯೇ. ರಾಜೀವ ನಡೆದುಹೋಗುವಾಗ ನಮ್ಮ ಕಣ್ಣು ಒದ್ದೆಯಾಗುತ್ತದೆ. ಮಾರನೇ ಬೆಳಿಗ್ಗೆ ಆ ಹೊಲಕ್ಕೆ ನೀರು ಕಟ್ಟಿದವರು ಯಾರು ಎಂದು ಯಾರೂ ಕೇಳಲಿಲ್ಲ. ಆ ಚಿತ್ರ ನೋಡಿ ಊರಿಗೆ ಮರಳಿ ಬೇಸಾಯಕ್ಕಿಳಿದ ಹುಡುಗರ ಮಾತನ್ನು ಹಿರಿಯರು ಈಗಲೂ ಹೇಳುತ್ತಾರೆ. ಅದು ಸಿನಿಮಾದ ದೊಡ್ಡ ಶಕ್ತಿ, ಅಲ್ಲಗಳೆಯುವುದಿಲ್ಲ. ಆದರೆ ಮರಳಿ ಬಂದವರಿಗೆ ಅದು ಕಲಿಸಿದ್ದು ದುಡಿಯುವುದನ್ನು, ಆಮೇಲೆ ಬಿಟ್ಟುಕೊಡುವುದನ್ನು. ಪಾಲು ಕೇಳಿದವನನ್ನು ಅದು ಖಳನ ಜಾಗದಲ್ಲಿ ನಿಲ್ಲಿಸಿತು.

‘ತಿಥಿ’ ಗೆದ್ದ ಮೇಲೆ ಗಾಂಧಿನಗರಕ್ಕೆ ನಮ್ಮ ಮುದುಕರು ಬೇಕಾದರು. ಅದೇ 2016ರಲ್ಲಿ ‘ತರ್ಲೆ ವಿಲೇಜ್’ ಬಂತು, ಅದರಲ್ಲಿ ಗಡ್ಡಪ್ಪ, ಸೆಂಚುರಿ ಗೌಡ ಇಬ್ಬರೂ ಇದ್ದರು. ಅವರು ನಟಿಸಿದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಇಳಿವಯಸ್ಸಿನಲ್ಲಿ ನಾಲ್ಕು ಕಾಸು, ನಾಲ್ಕು ಜನರ ಪ್ರೀತಿ ಸಿಕ್ಕರೆ ಬೇಡ ಎನ್ನಲು ನಾವು ಯಾರು? ನನ್ನ ದೂರು ಅವರನ್ನು ಬಳಸಿಕೊಂಡ ರೀತಿಯ ಮೇಲೆ. ಒಂದು ಚಿತ್ರದಲ್ಲಿ ಬಯ್ಗುಳ ಒಬ್ಬ ವೃದ್ಧನ ಇಡೀ ಬಾಳಿನಿಂದ ಬರುತ್ತಿತ್ತು. ಇನ್ನೊಂದರಲ್ಲಿ ಅದು ಚಪ್ಪಾಳೆಗೆ ಕಾಯುತ್ತ ನಿಲ್ಲುತ್ತದೆ. ಮಂಡ್ಯದ ಮಾತೆಂದರೆ ಒಂದೋ ನಗೆಗೆ, ಇಲ್ಲವೇ ಹೊಡೆದಾಟಕ್ಕೆ ಎಂಬ ಹಳೆಯ ಚಾಳಿಗೆ ನಮ್ಮ ಚಿತ್ರರಂಗ ಬೇಗ ಮರಳಿತು. ಖಾತೆ, ಸಾಲ, ಪಾಲಿನ ಬಗ್ಗೆ ಗಂಭೀರವಾಗಿ ಮಾತಾಡಲು ಆ ಮಾತಿಗೆ ಮತ್ತೆ ಜಾಗ ಸಿಕ್ಕಿದ್ದು ಕಡಿಮೆ.

ಈರೇಗೌಡರು ಸ್ವತಃ ನಿರ್ದೇಶಿಸಿದ ‘ಬಳೆಕೆಂಪ’ ಬೇರೆ ದಾರಿ ಹಿಡಿಯಿತು. 2018ರಲ್ಲಿ ರಾಟರ್‌ಡ್ಯಾಮ್ ಉತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ಊರೂರು ತಿರುಗಿ ಬಳೆ ಮಾರುವ ಕೆಂಪಣ್ಣ, ಮಕ್ಕಳಿಲ್ಲದ ಅವನ ಹೆಂಡತಿ ಸೌಭಾಗ್ಯ ಇದ್ದಾರೆ. ‘ತಿಥಿ’ಯ ಗದ್ದಲ ಇಲ್ಲಿಲ್ಲ. ಗಂಡ ಹೆಂಡಿರು ಒಂದೇ ಸೂರಿನಡಿ ಒಬ್ಬರಿಂದೊಬ್ಬರು ಎಷ್ಟು ದೂರ ಇರಬಲ್ಲರು ಎಂಬುದನ್ನು ಚಿತ್ರ ಮೆಲ್ಲಗೆ ಬಿಚ್ಚುತ್ತದೆ. ಕೆಲವು ಕಡೆ ಆ ಮೌನ ಅತಿಯಾಯಿತು ಅನ್ನಿಸಿದ್ದು ನಿಜ. ನಮ್ಮ ಹೆಂಗಸರು ಅಷ್ಟು ಸುಮ್ಮನೆ ಕೂರುವವರಲ್ಲ. ಆದರೂ ನಡೆದುಹೋಗಲಾರದೆ ಮನೆಯಲ್ಲೇ ಉಳಿದವಳ ಕಡೆಗೆ ಕ್ಯಾಮೆರಾ ತಿರುಗಿತಲ್ಲ, ಅದು ದೊಡ್ಡ ಹೆಜ್ಜೆ.

ಆ ಹೆಜ್ಜೆಯನ್ನು ಇನ್ನೂ ಮುಂದಿಟ್ಟದ್ದು ದೂರದ ಕೊಪ್ಪಳ ಸೀಮೆಯ ‘ಶಿವಮ್ಮ ಯರೇಹಂಚಿನಾಳ’. ಜೈಶಂಕರ್ ಆರ್ಯರ್ ತಮ್ಮೂರಿನಲ್ಲಿ, ಊರಿನವರಿಂದಲೇ ನಟನೆ ಮಾಡಿಸಿದ ಈ ಚಿತ್ರಕ್ಕೆ 2022ರಲ್ಲಿ ಬೂಸಾನ್ ಉತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ, ಹಾಸಿಗೆ ಹಿಡಿದ ಗಂಡ ಎದ್ದಾನೆಂಬ ಆಸೆಗೆ ಚೈನ್ ವ್ಯಾಪಾರದ ಪುಡಿಗೆ ದುಡ್ಡು ಹಾಕುತ್ತಾಳೆ. ಅದನ್ನು ಮಾರಲು ಊರೆಲ್ಲ ಅಲೆಯುತ್ತಾಳೆ, ಬಯ್ಸಿಕೊಳ್ಳುತ್ತಾಳೆ, ಬಿಡುವುದಿಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿದರೂ ನಮ್ಮ ಸಿನಿಮಾದ ಜಮೀನಿನ ಜಗಳ ಈಗಲೂ ಗಂಡಸರದೇ. ಶಿವಮ್ಮನಿಗೆ ಬಿಟ್ಟುಹೋಗಲು ಐದು ಎಕರೆ ಇಲ್ಲ. ವೈರಾಗ್ಯಕ್ಕೂ ಒಂದಿಷ್ಟು ಆಸ್ತಿ ಬೇಕು ಎನ್ನುವುದು ನನಗೆ ಹೊಳೆದದ್ದು ಅವಳನ್ನು ನೋಡಿದ ಮೇಲೆ.

ಸಾಕ್ಷ್ಯಚಿತ್ರಗಳಾದರೂ ಈ ನೆಲಕ್ಕೆ ಹತ್ತಿರ ಬಂದಿವೆಯೇ? ನಮ್ಮ ಥಿಯೇಟರುಗಳಿಗೆ ಬಂದು ಜನ ಮುಗಿಬಿದ್ದು ನೋಡಿದ ಎರಡನ್ನೇ ತೆಗೆದುಕೊಳ್ಳೋಣ. ಅಮೋಘವರ್ಷ, ಕಲ್ಯಾಣ್ ವರ್ಮ ಸೇರಿ ಮಾಡಿದ ‘ವೈಲ್ಡ್ ಕರ್ನಾಟಕ’, ಆಮೇಲೆ ಪುನೀತ್ ರಾಜ್‌ಕುಮಾರ್ ಜೊತೆ ಅಮೋಘವರ್ಷ ಮಾಡಿದ ‘ಗಂಧದ ಗುಡಿ’. ಎರಡನೆಯದು 2022ರ ಅಕ್ಟೋಬರಿನಲ್ಲಿ, ಅಪ್ಪು ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಬಂತು. ಸ್ಟಾರ್ ಅನ್ನಿಸಿಕೊಂಡವನು ತನ್ನ ಭಯವನ್ನೂ ಬೆರಗನ್ನೂ ಮುಚ್ಚಿಡದೆ ಕಾಡಿನಲ್ಲಿ ನಡೆಯುವುದನ್ನು ನೋಡಿ ಎಲ್ಲರಂತೆ ನಾನೂ ಅತ್ತೆ. ಆದರೆ ಅತ್ತದ್ದು ಅಪ್ಪುವಿಗೆ. ಎರಡೂ ಚಿತ್ರಗಳಲ್ಲಿ ಕರ್ನಾಟಕ ಬಹಳ ಹೊತ್ತು ಆಕಾಶದಿಂದ ಕಾಣುತ್ತದೆ: ಹಸಿರು, ನೀರು, ಮಂಜು. ಮೇಲಿನಿಂದ ನೋಡಿದರೆ ನೆಲಕ್ಕೆ ಬದು ಕಾಣುವುದಿಲ್ಲ. ಬದು ಕಾಣದ ಕಡೆ ಜಗಳವೂ ಕಾಣುವುದಿಲ್ಲ. ಕಾಡನ್ನು ಪ್ರೀತಿಸಲು ಈ ಚಿತ್ರಗಳು ಕಲಿಸಿದವು, ಅದು ಸಣ್ಣ ಕೆಲಸವಲ್ಲ. ಅಷ್ಟೇ ತಾಳ್ಮೆಯಿಂದ, ಅಷ್ಟೇ ಒಳ್ಳೆಯ ಕ್ಯಾಮೆರಾ ಹಿಡಿದು, ಪೌತಿ ಖಾತೆಗೆ ಅರ್ಜಿ ಹಿಡಿದು ಕೂತ ಒಬ್ಬ ಬೇಸಾಯಗಾರನ ಜೊತೆ ಒಂದು ವರ್ಷ ಕಳೆದ ಸಾಕ್ಷ್ಯಚಿತ್ರ ನಮ್ಮ ಊರಿನ ಪರದೆಗೆ ಯಾಕೆ ಬರಬಾರದು? ಹುಲಿಗಾಗಿ ದಿನಗಟ್ಟಲೆ ಕಾಯಬಲ್ಲ ಕ್ಯಾಮೆರಾ ತಮ್ಮಣ್ಣನಿಗಾಗಿಯೂ ಕಾಯಬಹುದಲ್ಲ.

‘ತಿಥಿ’ಯನ್ನು ಮೊನ್ನೆ ಮತ್ತೆ ನೋಡಿದೆ. ಗಡ್ಡಪ್ಪನ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಆದರೆ ಈಗ ಅವನು ಬ್ರಾಂದಿ ಹಿಡಿದು ಬಯಲಿಗೆ ನಡೆಯುವಾಗ ನನ್ನ ಕಣ್ಣು ಅವನ ಹಿಂದೆ ಹೋಗದೆ ಊರಿನ ಕಡೆಗೇ ಉಳಿಯುತ್ತದೆ. ಅಲ್ಲಿ ಬಾಡೂಟಕ್ಕೆ ಕುರಿ ತರಬೇಕು, ಸಾಲಕ್ಕೆ ಬಡ್ಡಿ ಕಟ್ಟಬೇಕು, ಕಾಗದ ಸರಿಮಾಡಿಸಬೇಕು. ಚಿಕ್ಕಪ್ಪನಿಗೆ ಇದನ್ನು ಹೇಳೋಣವೆಂದು ಫೋನ್ ಮಾಡಿದೆ. ಗದ್ದೆ ಹತ್ತಿರ ಇದ್ದರು. ‘ನೀರು ಬಿಟ್ಟವ್ರೆ, ಆಮೇಕೆ ಮಾಡ್ಲಾ’ ಎಂದು ಇಟ್ಟುಬಿಟ್ಟರು.